ಟೂವೆ ಯಾನ್ಸನ್: ಮೂಮಿನ್ ಮನೆಯವರನ್ನು ಬರೆದು ಚಿತ್ರಿಸಿದವರು

ಟೂವೆ ಯಾನ್ಸನ್ (9 ಆಗಸ್ಟ್ 1914 – 27 ಜೂನ್ 2001) ಫಿನ್ಲೆಂಡಿನ ಚಿತ್ರಕಲಾವಿದೆ ಮತ್ತು ಲೇಖಕಿ. ನೀರಾನೆಯಂಥ ಮೂತಿಯ ‘ಮೂಮಿನ್’ ಎಂಬ ದುಂಡು ದುಂಡಾದ ಜೀವಿಗಳ ಕುಟುಂಬವನ್ನು ಸೃಷ್ಟಿಸಿ ಲೋಕದ ಮಕ್ಕಳಿಗೆಲ್ಲ ಪರಿಚಿತರಾದವರು. ಫಿನ್ಲೆಂಡಿನ ಬಹುಸಂಖ್ಯಾತರ ಮಾತು ಫಿನ್ನಿಷ್. ಯಾನ್ಸನ್ ಬರೆದದ್ದು ಮಾತ್ರ ತಮ್ಮ ಮನೆಮಾತಾದ ಸ್ವೀಡಿಷ್‌ನಲ್ಲಿ, ಅದೂ ಕೊನೆಯವರೆಗೆ. ಗಡಿನಾಡಿನಲ್ಲಿರುವ ನಮಗೆ ಅವರ ಪರಿಚಯ ಬೇಕೆನ್ನಿಸಲು ಇಷ್ಟೇ ಸಾಕು.

ಅಲ್ಲಿನ ಸ್ವೀಡಿಷ್ ಮಾತಿನವರು ನಿನ್ನೆ ಮೊನ್ನೆ ವಲಸೆ ಬಂದವರಲ್ಲ. ಶತಮಾನಗಳಿಂದ ಕರಾವಳಿಯಲ್ಲಿ ನೆಲೆಸಿದವರು. 1809ರಲ್ಲಿ ಫಿನ್ಲೆಂಡ್ ಸ್ವೀಡನ್ನಿನ ಕೈತಪ್ಪಿ ರಷ್ಯಾದ ಚಕ್ರವರ್ತಿಯ ಪಾಲಾದಾಗ ಅವರು ಇದ್ದಲ್ಲೇ ಇದ್ದರು, ಗಡಿಗೆರೆ ಬೇರೆ ಕಡೆ ಬಿತ್ತು. ಯಾನ್ಸನ್ ಹುಟ್ಟಿದ ಕಾಲಕ್ಕೆ ಅವರ ಸಂಖ್ಯೆ ನೂರಕ್ಕೆ ಹನ್ನೊಂದರ ಆಸುಪಾಸು, ಈಗ ಐದರಷ್ಟು. ಆದರೂ ಸ್ವೀಡಿಷ್ ಅಲ್ಲಿ ಫಿನ್ನಿಷ್‌ಗೆ ಸರಿಸಮನಾದ ರಾಷ್ಟ್ರಭಾಷೆ. ಒಂದು ಊರಾಡಳಿತದ ವ್ಯಾಪ್ತಿಯಲ್ಲಿ ಅಲ್ಪಸಂಖ್ಯಾತ ಭಾಷೆಯವರು 3,000 ಜನ ಇದ್ದರೆ, ಇಲ್ಲವೇ ನೂರಕ್ಕೆ ಎಂಟರಷ್ಟಿದ್ದರೆ, ಆ ಊರು ಕಾನೂನಿನಂತೆ ದ್ವಿಭಾಷಾ ಊರು. (ನಮ್ಮಲ್ಲಿ 1949ರ ಶಿಕ್ಷಣ ಸಚಿವರ ಸಮ್ಮೇಳನದ ನಿರ್ಣಯದಂತೆ ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯ ಶಿಕ್ಷಕರನ್ನು ಕೊಡಬೇಕು, 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿಯೂ ಸೇರಿತು. ಕಾಗದದ ಮೇಲಿರುವುದಕ್ಕೂ ತರಗತಿಯಲ್ಲಿ ಸಿಗುವುದಕ್ಕೂ ಎಷ್ಟು ದೂರ ಎಂಬುದು ಬಳಗದ ಪ್ರತಿಯೊಂದು ಮನೆಗೂ ಗೊತ್ತು.)

ಮನೆ ಮತ್ತು ಮೊದಲ ಪತ್ರಿಕೆಗಳು

ಹೆಲ್ಸಿಂಕಿಯಲ್ಲಿ ಹುಟ್ಟಿದ ಟೂವೆ ಅವರ ತಂದೆ ವಿಕ್ಟರ್ ಯಾನ್ಸನ್ ಶಿಲ್ಪಿ. ತಾಯಿ ಸಿಗ್ನೆ ಹಾಮ್ಮರ್ಸ್ಟೆನ್ ಸ್ವೀಡನ್ನಿನಿಂದ ಮದುವೆಯಾಗಿ ಬಂದವರು. ಫಿನ್ಲೆಂಡಿನ ಅಂಚೆಚೀಟಿಗಳನ್ನು ಬಿಡಿಸುತ್ತ, ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆಯುತ್ತ ಮನೆಯ ಖರ್ಚಿಗೆ ಹೆಗಲು ಕೊಟ್ಟವರು. ಮಗಳು ಅಮ್ಮನ ಕೆಲಸದ ಮೇಜಿನ ಪಕ್ಕದಲ್ಲೇ ಬೆಳೆದಳು.

ಹೆಲ್ಸಿಂಕಿಯ ಸ್ವೀಡಿಷ್ ಬಳಗದಲ್ಲಿ ಆಗ ‘ಲುಂಕೆನ್‌ಟುಸ್’ ಎಂಬ ಮಕ್ಕಳ ಪತ್ರಿಕೆ ಇತ್ತು, ‘ಗಾರ್ಮ್’ ಎಂಬ ವಿಡಂಬನೆಯ ಪತ್ರಿಕೆ ಇತ್ತು. 1929ರಲ್ಲಿ, ಹದಿನೈದರ ಹುಡುಗಿಯ ಚಿತ್ರಗಳು ಎರಡರಲ್ಲೂ ಅಚ್ಚಾದವು. ಓದುಗರು ಕಡಿಮೆ ಇರುವ ಭಾಷೆಯ ಪತ್ರಿಕೆಯಾದ್ದರಿಂದಲೇ ಅಷ್ಟು ಚಿಕ್ಕವಳಿಗೆ ಜಾಗ ಸಿಕ್ಕಿತೇನೋ ಎಂದು ನನಗೆ ಅನ್ನಿಸುವುದುಂಟು. ಗಾರ್ಮ್‌ಗೆ ಅವರು 1953ರವರೆಗೂ ಚಿತ್ರ ಬರೆದರು. 1938ರಲ್ಲಿ ಹಿಟ್ಲರನನ್ನು ಹಟ ಹಿಡಿದು ಅಳುವ ಕೂಸಿನಂತೆ ಬಿಡಿಸಿದ ಚಿತ್ರ ಪ್ರಸಿದ್ಧ. ನಡುವೆ ಸ್ಟಾಕ್‌ಹೋಮ್, ಹೆಲ್ಸಿಂಕಿ, ಪ್ಯಾರಿಸ್‌ಗಳಲ್ಲಿ ಕಲಾಭ್ಯಾಸ ನಡೆಯಿತು. ಮೊದಲ ಚಿತ್ರಪುಸ್ತಕವನ್ನು 1933ರಲ್ಲಿ ವೇರಾ ಹೈ ಎಂಬ ಕಾವ್ಯನಾಮದಲ್ಲಿ ಹೊರತಂದರು.

ಮೂಮಿನ್ ಹುಟ್ಟಿದ್ದು

ಸ್ಟಾಕ್‌ಹೋಮಿನಲ್ಲಿ ಓದುವಾಗ ರಾತ್ರಿ ಅಡುಗೆಮನೆಗೆ ನುಗ್ಗಿ ತಿಂಡಿ ಕದಿಯುತ್ತಿದ್ದ ಟೂವೆಗೆ ಸೋದರಮಾವ, ಒಲೆಯ ಹಿಂದೆ ಮೂಮಿನ್ ಭೂತ ಕೂತಿದೆ, ಕತ್ತಿನ ಮೇಲೆ ಉಸಿರು ಬಿಡುತ್ತದೆ ಎಂದು ಹೆದರಿಸಿದ್ದರಂತೆ. ನಮ್ಮಲ್ಲಿ ಗುಮ್ಮ ಇದ್ದಹಾಗೆ. ಆಕಾರ ಬಂದದ್ದು ಬೇರೆ ದಾರಿಯಿಂದ: ತಮ್ಮ ಪೆರ್ ಓಲೊವ್ ಜೊತೆ ತತ್ತ್ವಜ್ಞಾನಿ ಕಾಂಟ್ ಬಗ್ಗೆ ವಾದ ಮಾಡಿ ಸೋತ ಸಿಟ್ಟಿಗೆ, ಬೇಸಿಗೆ ಮನೆಯ ಕಕ್ಕಸಿನ ಗೋಡೆಯ ಮೇಲೆ ತನಗೆ ತೋಚಿದ ಅತಿ ಕುರೂಪಿ ಪ್ರಾಣಿಯೊಂದನ್ನು ಬಿಡಿಸಿದರು. ಅದೇ ಮುಂದೆ ಮೈದುಂಬಿ ಮುದ್ದಾಯಿತು.

1939ರ ಚಳಿಗಾಲದಲ್ಲಿ ಸೋವಿಯತ್ ಸೇನೆ ಫಿನ್ಲೆಂಡಿನ ಮೇಲೆ ಬಿತ್ತು. ಆ ದಿನಗಳಲ್ಲಿ ಶುರುಮಾಡಿದ ಕಥೆ, ಯುದ್ಧ ಮುಗಿದ 1945ರಲ್ಲಿ ಮೊದಲ ಮೂಮಿನ್ ಪುಸ್ತಕವಾಗಿ ಬಂತು. ತಾಯಿ ಮಗ ಇಬ್ಬರೂ ಕಾಣೆಯಾದ ಅಪ್ಪನನ್ನು ಹುಡುಕುವ ಕಥೆ. ಹೆಚ್ಚು ಮಾರಾಟವಾಗಲಿಲ್ಲ. ಮುಂದಿನ ಕಥೆಯಲ್ಲಿ (1946) ಧೂಮಕೇತು ಬಂತು; ಮೂರನೆಯದು (1948) ಮಾಂತ್ರಿಕನ ಟೋಪಿಯದು. ಇದು 1950ರಲ್ಲಿ ಇಂಗ್ಲಿಷಿಗೆ ಹೋದ ಮೇಲೆ ಹೆಸರು ಹಬ್ಬಿತು. 1954ರಿಂದ ಲಂಡನ್ನಿನ ‘ಈವನಿಂಗ್ ನ್ಯೂಸ್’ನಲ್ಲಿ ಮೂಮಿನ್ ಚಿತ್ರಸರಣಿ ದಿನವೂ ಬರತೊಡಗಿತು. ಆಗಲೂ ಅವರು ಬರೆದುಕೊಟ್ಟದ್ದು ಸ್ವೀಡಿಷ್‌ನಲ್ಲೇ, ಇಂಗ್ಲಿಷಿಗೆ ತಂದದ್ದು ಕಿರಿಯ ತಮ್ಮ ಲಾರ್ಸ್. ದಿನವೂ ಹೊಸ ಕಂತು ಕೊಡಬೇಕಾದ ಕೆಲಸ ಅವರನ್ನು ಹಣ್ಣುಮಾಡಿತು. 1959ರ ಹೊತ್ತಿಗೆ ಸರಣಿಯನ್ನು ಲಾರ್ಸ್‌ಗೆ ಬಿಟ್ಟುಕೊಟ್ಟರು. ಲಾರ್ಸ್ 1975ರವರೆಗೆ ನಡೆಸಿದರು.

ಚಿತ್ರಪುಸ್ತಕಗಳು

ಚಿತ್ರಪುಸ್ತಕ ಎಂದರೆ ಕಥೆಯ ಮಗ್ಗುಲಲ್ಲಿ ಒಂದು ಚಿತ್ರ ಎಂದೇ ನಾವು ಬಹಳ ಮಂದಿ ತಿಳಿದಿದ್ದೇವೆ. ಯಾನ್ಸನ್ 1952ರಲ್ಲಿ ಮಾಡಿದ ಪುಸ್ತಕ ಅದಲ್ಲ. ಅದರ ಹೆಸರನ್ನು ಕನ್ನಡದಲ್ಲಿ ‘ಆಮೇಲೇನಾಯಿತು?’ ಎನ್ನಬಹುದು. ಮರಿ ಮೂಮಿನ್ ಕಾಡಿನ ದಾರಿಯಲ್ಲಿ ಅಮ್ಮನಿಗೆ ಹಾಲು ತರುತ್ತಿರುತ್ತದೆ. ದಾರಿಯಲ್ಲಿ, ಕಳೆದುಹೋದ ತಂಗಿಗಾಗಿ ಅಳುವ ಮಿಂಬ್ಲೆ ಸಿಗುತ್ತಾಳೆ. ಇಬ್ಬರೂ ಹುಡುಕುತ್ತ ಹೊರಡುತ್ತಾರೆ. ಪ್ರತಿ ಪುಟದಲ್ಲೂ ಕಾಗದವನ್ನೇ ಕತ್ತರಿಸಿದ ಕಿಂಡಿ ಇದೆ. ಅದರಲ್ಲಿ ಮುಂದಿನ ಪುಟದ ತುಣುಕು ಕಾಣುತ್ತದೆ. ಮಗು ಅದನ್ನು ನೋಡಿ ಏನೋ ಊಹಿಸುತ್ತದೆ. ಪುಟ ತಿರುವಿದರೆ ಅಲ್ಲಿರುವುದೇ ಬೇರೆ. ತಿರುವಿದ ಮೇಲೆ ಅದೇ ಕಿಂಡಿ ಹಿಂದಿನ ಪುಟವನ್ನು ತೋರಿಸುತ್ತದೆ. ಮಾತೆಲ್ಲ ಪ್ರಾಸದಲ್ಲಿದೆ, ಪುಟದ ಕೊನೆಗೆ ಮತ್ತೆ ಮತ್ತೆ ಅದೇ ಪ್ರಶ್ನೆ. ಕೊನೆಗೆ ಮನೆ ಸೇರುವಾಗ ಹಾಲು ಹುಳಿಯಾಗಿರುತ್ತದೆ. ಅಮ್ಮ ಬೈಯುವುದಿಲ್ಲ, ಇನ್ನು ಮೇಲೆ ಹಣ್ಣಿನ ರಸ ಕುಡಿಯೋಣ ಎನ್ನುತ್ತಾಳೆ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದುವವರಿಗೇ ಈ ಪುಸ್ತಕ. ಪ್ರಶ್ನೆ ದೊಡ್ಡವರ ಬಾಯಲ್ಲಿ, ಉತ್ತರ ಮಗುವಿನ ಬೆರಳಲ್ಲಿ. ಶಾಲೆಯಲ್ಲಿ ಬೇರೆ ಭಾಷೆ ಓದುವ ಮಗು ಮನೆಮಾತನ್ನು ಬಾಯಿಬಿಟ್ಟು ಆಡಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಎರಡನೆಯ ಮೂಮಿನ್ ಚಿತ್ರಪುಸ್ತಕ 1960ರದು. ಅದರ ನಾಯಕ ಒಂಟಿ ಮನೆಯಲ್ಲಿ ರಾತ್ರಿಯ ಸದ್ದಿಗೆ ಹೆದರಿ ಹೊರಟುಬಿಡುವ ಪುಟ್ಟ ಜೀವಿ. ದಾರಿಯುದ್ದಕ್ಕೂ ನಗುವವರು, ಕುಣಿಯುವವರು ಕಾಣುತ್ತಾರೆ, ಹತ್ತಿರ ಹೋಗಿ ಮಾತಾಡಿಸುವ ಧೈರ್ಯ ಇಲ್ಲ. ಆಗ ಬಾಟಲಿಯೊಳಗೆ ಒಂದು ಪತ್ರ ಸಿಗುತ್ತದೆ: ತನಗಿಂತ ಹೆಚ್ಚು ಹೆದರಿದವಳೊಬ್ಬಳು ಬರೆದದ್ದು. ಅವಳನ್ನು ಉಳಿಸಲು ಹೋಗಿ ಎಲ್ಲರೂ ನಡುಗುವ ಭಯಂಕರ ಪ್ರಾಣಿಯನ್ನೇ ಕಚ್ಚಿ ಓಡಿಸುತ್ತದೆ. ಯಾನ್ಸನ್ ಈ ಪುಸ್ತಕವನ್ನು ತಮ್ಮ ಬಾಳಸಂಗಾತಿ, ಚಿತ್ರಕಲಾವಿದೆ ಟೂಲಿಕ್ಕಿ ಪಿಯೆಟಿಲಾ ಅವರಿಗೆ ಅರ್ಪಿಸಿದರು. ನನ್ನ ಮಟ್ಟಿಗೆ ಅವರ ಚಿತ್ರಪುಸ್ತಕಗಳಲ್ಲಿ ಇದೇ ಮೇಲು. ಮೂರನೆಯದು 1977ರಲ್ಲಿ ಜಲವರ್ಣದಲ್ಲಿ ಬಂತು. ಮಕ್ಕಳ ಸಾಹಿತ್ಯದ ದೊಡ್ಡ ಅಂತರರಾಷ್ಟ್ರೀಯ ಗೌರವವಾದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪದಕ 1966ರಲ್ಲೇ ಸಂದಿತ್ತು.

ಪಕ್ಕದ ಮನೆಗೆ ತಲುಪಿದ್ದು

ಅವರದೇ ನಾಡಿನ ಬಹುಸಂಖ್ಯಾತರ ಭಾಷೆಗೆ ಈ ಪುಸ್ತಕಗಳು ಬಂದ ಕಥೆ ವಿಚಿತ್ರ. ಫಿನ್ನಿಷ್‌ಗೆ ಮೊದಲು ಹೋದದ್ದು 1952ರ ಆ ಕಿಂಡಿಯ ಪುಸ್ತಕ. ದೊಡ್ಡ ಕಥೆಗಳಲ್ಲಿ ಮೊದಲನೆಯದು, ಧೂಮಕೇತುವಿನ ಕಥೆ, ಹೋದದ್ದು 1955ರಲ್ಲಿ. ಅಂದರೆ ಲಂಡನ್ನಿನ ಮಕ್ಕಳು ಓದಿದ ಐದು ವರ್ಷದ ಮೇಲೆ ಪಕ್ಕದ ಬೀದಿಯ ಫಿನ್ನಿಷ್ ಮಕ್ಕಳು ಓದಿದರು. 1945ರ ಮೊದಲ ಪುಸ್ತಕವಂತೂ ಫಿನ್ನಿಷ್ ಕಂಡದ್ದು 1991ರಲ್ಲಿ. ಈಗ ಮೂಮಿನ್‌ಗಳನ್ನು ಇಡೀ ಫಿನ್ಲೆಂಡ್ ತನ್ನದೆನ್ನುತ್ತದೆ. ಯಾನ್ಸನ್ 1986ರಲ್ಲಿ ತಮ್ಮ ಮೂಮಿನ್ ಮೂಲಚಿತ್ರಗಳನ್ನು ದಾನ ಕೊಟ್ಟದ್ದು ಟಂಪೆರೆ ನಗರದ ಕಲಾ ಸಂಗ್ರಹಾಲಯಕ್ಕೆ. ಫಿನ್ನಿಷ್ ಮಾತಿನವರೇ ತುಂಬಿರುವ ಆ ಊರಿನಲ್ಲಿ 2017ರಿಂದ ಮೂಮಿನ್ ವಸ್ತುಸಂಗ್ರಹಾಲಯ ಇದೆ. ಆ ಮೂಲಚಿತ್ರಗಳನ್ನು ಅಲ್ಲಿ ನೋಡಬಹುದು.