ಬೀಗತನವೂ ಕಪ್ಪವೂ



ಇಂದು ಒಂದು ಹಳೆಯ ಸಾಲವನ್ನು ತೀರಿಸಬೇಕೆಂದು ಬರೆಯಲು ಕುಳಿತಿದ್ದೇನೆ. ಹಣದ ಸಾಲವಲ್ಲ, ಉತ್ತರದ ಸಾಲ.

ನಾನು ಶಿಕ್ಷಕನಾದ ಹೊಸತು. ಏಳನೆಯ ತರಗತಿಗೆ ಹೈದರಾಲಿಯ ಪಾಠ ನಡೆದಿತ್ತು. ಪಠ್ಯದಲ್ಲಿ ಇಲ್ಲದ ಸಂಗತಿಯೊಂದನ್ನು ನಮ್ಮ ಸೀಮೆಯ ಅಭಿಮಾನದಿಂದ ಸೇರಿಸಿ, "1779ರಲ್ಲಿ ಸವಣೂರಿನ ನವಾಬನೂ ಹೈದರಾಲಿಯೂ ಬೀಗರಾದರು, ಇದರಿಂದ ಎರಡು ರಾಜ್ಯಗಳ ಸ್ನೇಹ ಬಲಗೊಂಡಿತು" ಎಂದೆ. ಮರುದಿನ ಟಿಪ್ಪುವಿನ ಪಾಠದಲ್ಲಿ, ಆತ 1786ರಲ್ಲಿ ಸವಣೂರನ್ನು ವಶಪಡಿಸಿಕೊಂಡ ಎಂದೂ ಹೇಳಿದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸರ, ಬೀಗರ ಊರ ಮ್ಯಾಲೆ ಯಾರರ ದಂಡ ತಗೊಂಡು ಹೋಗ್ತಾರೇನ್ರಿ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು, "ಅರಸರ ಮನೀ ಸುದ್ದಿ ನಮಗ್ಯಾಕೋ, ಕೂಡು" ಎಂದು ಅವನನ್ನು ಕೂಡ್ರಿಸಿಬಿಟ್ಟೆ. ನನಗೆ ಉತ್ತರ ತಿಳಿದಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ವಯಸ್ಸೂ ಅದಾಗಿರಲಿಲ್ಲ.

ಗೊಟಗೋಡಿಯವರಾದ ನಮಗೆ ಸವಣೂರು ದೂರದ ಊರಲ್ಲ. ಅಲ್ಲಿಯ ವೀಳ್ಯದೆಲೆ ನಮ್ಮ ಮನೆಗಳ ಎಷ್ಟೋ ನಿಶ್ಚಯದ ತಟ್ಟೆಗಳಲ್ಲಿ ಇದ್ದೇ ಇದೆ. ಆದರೆ ಆ ಊರು ಒಂದು ಕಾಲಕ್ಕೆ ದೊಡ್ಡ ಸಂಸ್ಥಾನದ ರಾಜಧಾನಿಯಾಗಿತ್ತೆಂಬುದು ಈಗಿನ ಮಕ್ಕಳಿಗೆ ಅಷ್ಟಾಗಿ ತಿಳಿಯದು. ಬಿಜಾಪುರದ ಆದಿಲಶಾಹಿ 1686ರಲ್ಲಿ ಮುಗಿದ ಕಾಲಕ್ಕೆ ಮಿಯಾನಾ ಪಠಾಣರ ಸರದಾರನಾದ ಅಬ್ದುಲ್ ರವೂಫ್ ಖಾನನು ಔರಂಗಜೇಬನ ಸೇವೆಗೆ ಸೇರಿ, ಬಂಕಾಪುರ, ತೋರಗಲ್ ಮೊದಲಾದ 22 ಮಹಲುಗಳನ್ನು ಜಹಗೀರಾಗಿ ಪಡೆದನು. ಮೊದಲು ಬಂಕಾಪುರದಲ್ಲಿದ್ದ ಆಡಳಿತ ಬಳಿಕ ಸವಣೂರಿಗೆ ಬಂದಿತು.

ಮೊಗಲರ ಬಲ ಕುಂದಿದಂತೆ ಈ ಸಂಸ್ಥಾನಕ್ಕೆ ಎರಡೂ ಕಡೆಯಿಂದ ಒತ್ತಡ ಬಂದಿತು. ಉತ್ತರದಲ್ಲಿ ಪುಣೆಯ ಪೇಶವೆಗಳು, ದಕ್ಷಿಣದಲ್ಲಿ ಹೊಸದಾಗಿ ತಲೆಯೆತ್ತಿದ ಹೈದರಾಲಿ. 1756ರಲ್ಲಿ ಪೇಶವೆ ಬಾಳಾಜಿ ಬಾಜಿರಾಯನು ನಿಜಾಮನೊಡಗೂಡಿ ಸವಣೂರನ್ನು ಮುತ್ತಿದನು. ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳೂ ಅಲ್ಲಿದ್ದವು. 1764ರಲ್ಲಿ ಹೈದರಾಲಿಯ ಸರದಿ. ನವಾಬ ಅಬ್ದುಲ್ ಹಕೀಂ ಖಾನನು ಸೋತು, ಕೇಳಿದಷ್ಟು ನಗದು ಇಲ್ಲದೆ ಶಾಲು, ರೇಷ್ಮೆ, ಜರತಾರಿ ವಸ್ತ್ರಗಳನ್ನು ಕೊಟ್ಟು ಲೆಕ್ಕ ಹೊಂದಿಸಬೇಕಾಯಿತು. ಅದೇ ವರ್ಷ ಮಾಧವರಾವ್ ಪೇಶವೆಯು ಬಂದು ನಮ್ಮ ರಟ್ಟಿಹಳ್ಳಿಯ ಬಯಲಿನಲ್ಲಿ ಹೈದರನನ್ನು ಸೋಲಿಸಿದನು. 1765ರ ಒಪ್ಪಂದದಲ್ಲಿ ಹೈದರನು ಸವಣೂರಿನ ಮೇಲಿನ ಹಕ್ಕನ್ನು ಬಿಟ್ಟುಕೊಡಬೇಕಾಯಿತು. ಆದರೆ ಪುಣೆಯಲ್ಲಿ ಒಳಜಗಳ ಹೆಚ್ಚಿದಾಗ ಅವನು ಮತ್ತೆ ಉತ್ತರಕ್ಕೆ ಬಂದು, ಕೃಷ್ಣಾ ನದಿಯವರೆಗಿನ ಸೀಮೆಯನ್ನು ಹಿಡಿದನು.

ಬೀಗತನದ ಮಾತು ಬಂದದ್ದು ಈ ಹೊತ್ತಿನಲ್ಲಿ. 1779ರಲ್ಲಿ ಶ್ರೀರಂಗಪಟ್ಟಣದಲ್ಲಿ ಎರಡು ಮದುವೆಗಳು ವೈಭವದಿಂದ ನಡೆದವು. ನವಾಬನ ಹಿರಿಯ ಮಗನಿಗೆ ಹೈದರನ ಮಗಳು. ಹೈದರನ ಎರಡನೆಯ ಮಗ ಕರೀಂ ಸಾಹೇಬನಿಗೆ ನವಾಬನ ಮಗಳು. ಹೆಣ್ಣು ಕೊಟ್ಟು ಹೆಣ್ಣು ತರುವ ಸಂಬಂಧ. ಕಪ್ಪದ ಹೊರೆಯೂ ಹಗುರವಾಯಿತು. ಪ್ರತಿಯಾಗಿ ನವಾಬನು 2000 ಕುದುರೆ ಸವಾರರನ್ನು ತನ್ನ ಮಕ್ಕಳ ಕೈಕೆಳಗೆ ಮೈಸೂರಿನ ಸೇವೆಗೆ ಒದಗಿಸಬೇಕೆಂದು ಕರಾರಾಯಿತು.

ನಾನು ತರಗತಿಯಲ್ಲಿ ಹೇಳಿದ್ದು ಇಷ್ಟನ್ನೇ. ಹೇಳದೆ ಬಿಟ್ಟದ್ದು ಇನ್ನೊಂದಿದೆ. ಅದೇ 1779ರಲ್ಲಿ ಹೈದರನು ಕಡಪವನ್ನು ಗೆದ್ದು ಅಲ್ಲಿಯ ನವಾಬನನ್ನು ಸೆರೆಯಾಳಾಗಿ ಒಯ್ದನು. ಕಡಪದ ನವಾಬರೂ ಮಿಯಾನಾ ಪಠಾಣರೇ. ಸವಣೂರಿನ ನವಾಬನ ಮುಂದೆ ಬೀಗನಾಗುವ ದಾರಿ ಒಂದು ಕಡೆ, ಕಡಪದ ದಾರಿ ಇನ್ನೊಂದು ಕಡೆ ಇದ್ದವು. ಒಲ್ಲೆನೆನ್ನುವ ಶಕ್ತಿ ಇಲ್ಲದವನು ಕೊಟ್ಟ ಒಪ್ಪಿಗೆಯನ್ನು ಸ್ನೇಹವೆಂದು ಕರೆಯುವುದು ಹೇಗೆ?

1780ರಲ್ಲಿ ಇಂಗ್ಲಿಷರೊಡನೆ ಯುದ್ಧ ಹತ್ತಿತು. ಸವಣೂರಿನ ಸವಾರರು ದೂರದ ಅರ್ಕಾಟಿನ ಸೀಮೆಗೆ ಹೋದರು. 1782ರ ಡಿಸೆಂಬರಿನಲ್ಲಿ ಹೈದರಾಲಿ ತೀರಿಕೊಂಡನು. 1784ರಲ್ಲಿ ಯುದ್ಧ ಮುಗಿದ ಮೇಲೆ ಟಿಪ್ಪು ಲೆಕ್ಕ ತೆಗೆದನು. ಕರಾರಿನಷ್ಟು ಸವಾರರನ್ನು ಒದಗಿಸಿಲ್ಲ, ಆದ್ದರಿಂದ ಬಾಕಿ ಹಣ ಕಟ್ಟಬೇಕು ಎಂಬುದು ಅವನ ವಾದ. ಅಷ್ಟು ಹಣ ಕೊಡಲಾರದ ನವಾಬನು 1786ರಲ್ಲಿ ಮರಾಠರ ಪಕ್ಷ ಸೇರಿದನು. ಟಿಪ್ಪು ಮಳೆಗಾಲದಲ್ಲಿಯೇ, ತುಂಬಿ ಹರಿಯುತ್ತಿದ್ದ ತುಂಗಭದ್ರೆಯನ್ನು ದಾಟಿ ಬಂದನು. ಅಕ್ಟೋಬರಿನಲ್ಲಿ ಸವಣೂರು ಅವನ ವಶವಾಯಿತು. ತನ್ನ ತಂಗಿ ಸೊಸೆಯಾಗಿ ಹೋದ ಮನೆತನದ ಊರು ಅದು. ವೃದ್ಧ ನವಾಬನು ಮರಾಠರ ಸೈನ್ಯದೊಡನೆ ಊರು ಬಿಟ್ಟು ಹೋದನು. ಮದುವೆಗಳಾಗಿ ಆಗ ಕೇವಲ 7 ವರ್ಷ.

ಆ ಇಬ್ಬರು ಹೆಣ್ಣುಮಕ್ಕಳ ಮನಸ್ಸಿನಲ್ಲಿ ಆಗ ಏನಿತ್ತೋ. ನಮ್ಮ ಸುತ್ತಲಿನ ಹಳ್ಳಿಗಳ ಪಾಡೂ ಬೇರೆಯಲ್ಲ. ಬಂದ ದಂಡು ಯಾರದಾದರೇನು, ಕುದುರೆಗೆ ಮೇವು, ಆಳಿಗೆ ಕಾಳು ರೈತನ ಹಗೇವಿನಿಂದಲೇ ಹೋಗಬೇಕು. ದೊಡ್ಡವರ ನಂಟು ಮುರಿದಾಗ ದಂಡ ತೆರುವವರು ನಂಟಿನಲ್ಲಿ ಪಾಲಿಲ್ಲದವರು.

ಇದು ಅರಸರ ಕಾಲದ ಕಥೆಯಷ್ಟೇ ಎನ್ನಬೇಡಿರಿ. 2018ರ ಜುಲೈ ತಿಂಗಳಲ್ಲಿ ಆಫ್ರಿಕದ ಇಥಿಯೋಪಿಯಾ ಮತ್ತು ಎರಿಟ್ರಿಯಾ ದೇಶಗಳ ನಾಯಕರು ಅಪ್ಪಿಕೊಂಡು ನಕ್ಕ ಚಿತ್ರವನ್ನು ಟಿ.ವಿ.ಯಲ್ಲಿ ಕಂಡಾಗ ನನಗೆ ಆ ಹುಡುಗನ ಪ್ರಶ್ನೆ ಮತ್ತೆ ನೆನಪಾಯಿತು. ಎರಿಟ್ರಿಯಾ 1993ರಲ್ಲಿ ಸ್ವತಂತ್ರವಾದಾಗ ಎರಡೂ ಕಡೆಯ ನಾಯಕರು ಒಂದೇ ಸರಕಾರದ ವಿರುದ್ಧ ಹೋರಾಡಿ ಗೆದ್ದ ಸಂಗಡಿಗರಾಗಿದ್ದರು. ಆಗ ಎರಡೂ ದೇಶಗಳಿಗೆ ನಾಣ್ಯ ಒಂದೇ. ಇಥಿಯೋಪಿಯಾದ ಸರಕು ಎರಿಟ್ರಿಯಾದ ಅಸಬ್ ಬಂದರಿನಿಂದ ಸಾಗುತ್ತಿತ್ತು. 1997ರಲ್ಲಿ ಎರಿಟ್ರಿಯಾ ತನ್ನದೇ ನಾಣ್ಯವಾದ ನಕ್ಫಾವನ್ನು ತಂದಾಗ, ಅದರ ಬೆಲೆಯನ್ನೂ ವ್ಯಾಪಾರದ ರೀತಿಯನ್ನೂ ಕುರಿತು ಮನಸ್ತಾಪ ಬೆಳೆಯಿತು. 1998ರಲ್ಲಿ ಬಡ್ಮೆ ಎಂಬ ಗಡಿಯ ಊರಿಗಾಗಿ ಯುದ್ಧ ಹತ್ತಿ, 2000ದವರೆಗೆ ಸಾವಿರಾರು ಜನ ಸತ್ತರು. 2018ರ ಅಪ್ಪುಗೆಯ ಬಳಿಕ ಸೆಪ್ಟೆಂಬರಿನಲ್ಲಿ ಗಡಿ ತೆರೆಯಿತು, ಸಂತೆಗಳು ಕೂಡಿದವು, ಅಗಲಿದ ಬಂಧುಗಳು ಸೇರಿದರು. ಆದರೆ ತೆರಿಗೆ, ನಾಣ್ಯ, ಗಡಿಗಳ ಬಗೆಗೆ ನಿಯಮಗಳು ಗಟ್ಟಿಯಾಗಲಿಲ್ಲ. ಕೆಲವೇ ತಿಂಗಳುಗಳಲ್ಲಿ ದಾಟುದಾರಿಗಳು ಒಂದೊಂದಾಗಿ ಮುಚ್ಚಿದವು.

ಇಷ್ಟನ್ನು ಓದಿ, ನೋಡಿದ ಮೇಲೆ ನನಗೆ ತೋರುವ ಉತ್ತರ ಹೀಗಿದೆ. ಬೀಗರ ಮೇಲೆ ದಂಡೆತ್ತಿ ಹೋಗುವುದು ಉಂಟು. ಬೀಗತನವೂ ಕಪ್ಪವೂ ಒಂದೇ ಕಾಗದದಲ್ಲಿ ಬರೆಯಲ್ಪಟ್ಟಿದ್ದರೆ ಉಂಟು. ಬೀಗರು ಸರಿಸಮಾನರು, ಕಪ್ಪ ಕೊಡುವವನು, ಪಡೆಯುವವನು ಸಮಾನರಲ್ಲ. ಎರಡರಲ್ಲಿ ಒಂದು ಸುಳ್ಳಾಗಲೇಬೇಕು. ಸವಣೂರಿನಲ್ಲಿ ಬೀಗತನ ಸುಳ್ಳಾಯಿತು. ರಾಜ್ಯಗಳ ನಡುವಿನ ಸ್ನೇಹವನ್ನು ಮದುವೆಯ ಚಪ್ಪರದಿಂದ ಅಳೆಯಬಾರದು. ಕೊಡು-ಕೊಳ್ಳುವ ಲೆಕ್ಕ ಇಬ್ಬರಿಗೂ ಒಪ್ಪಿಗೆಯೇ, ತಕರಾರು ಬಂದಾಗ ಕುಳಿತು ಬಗೆಹರಿಸುವ ದಾರಿ ಇದೆಯೇ ಎಂಬುದರಿಂದ ಅಳೆಯಬೇಕು.

ಪೇಶವೆಗಳು ಹೋದ ಮೇಲೆ ಇಂಗ್ಲಿಷರು ನವಾಬರ ಮನೆತನಕ್ಕೆ 25 ಹಳ್ಳಿಗಳನ್ನು ಉಳಿಸಿದರು. 70 ಚದರ ಮೈಲಿಗಳ ಆ ಪುಟ್ಟ ಸಂಸ್ಥಾನ 1948ರಲ್ಲಿ ಭಾರತದಲ್ಲಿ ವಿಲೀನವಾಯಿತು.

ಅಂದು ಹಿಂದಿನ ಸಾಲಿನಿಂದ ಎದ್ದು ನಿಂತ ಹುಡುಗನೇ, ಈಗ ನಿನ್ನ ತಲೆಯೂ ನರೆತಿರಬೇಕು. ಇದನ್ನು ಓದಿದರೆ ತಿಳಿದುಕೊ: ಅಂದು ನಿನ್ನ ಪ್ರಶ್ನೆ ಸರಿಯಾಗಿತ್ತು, ನನ್ನ ನಗೆ ತಪ್ಪಾಗಿತ್ತು.