ಓಣಿಯ ಹಿಂದಿ, ಪರೀಕ್ಷೆಯ ಹಿಂದಿ: ಕನ್ನಡ ಬಲ್ಲವರಿಗೆ ವ್ಯಾಕರಣದ ಮೂಲ ಪಾಠ

ಚಿತ್ತಾಪುರ: ವಾಡಿ ಜಂಕ್ಷನ್‌ನಲ್ಲಿ ರೈಲಿನ ಸಮಯ ಕೇಳಲು, ಶಹಾಬಾದ್ ಬಜಾರಿನಲ್ಲಿ ಚೌಕಾಸಿ ಮಾಡಲು ಈ ಭಾಗದ ಬಹಳ ಮಂದಿಗೆ ಹಿಂದಿ ಕಷ್ಟವಲ್ಲ. ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳೂ ಓಣಿಯಲ್ಲಿ ಆಡ್ತಾ ಆಡ್ತಾ ಕಲೀತಾರೆ. ಆದರೆ ಅದೇ ಮಕ್ಕಳು ತೃತೀಯ ಭಾಷೆಯ ಉತ್ತರ ಪತ್ರಿಕೆ ಬರೆಯಲು ಕುಳಿತಾಗ ಸಣ್ಣ ವಾಕ್ಯದಲ್ಲೂ ಅಂಕ ಕಳೆದುಕೊಳ್ಳುತ್ತಾರೆ. ಕಾರಣ ಇಷ್ಟೆ: ಓಣಿಯಲ್ಲಿ ಕಲಿತದ್ದು ದಖನಿ, ಪರೀಕ್ಷೆ ಕೇಳುವುದು ಪ್ರಮಾಣ ಹಿಂದಿ.

ದಖನಿ ಎಂದರೆ ಕೆಟ್ಟ ಹಿಂದಿ ಅಲ್ಲ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ಅದರ ರಾಜಧಾನಿಯಾಯಿತು. ಆ ಕಾಲದಿಂದ ದಖನ್ ನೆಲದಲ್ಲಿ ಬೆಳೆದು, ಕನ್ನಡ, ಮರಾಠಿ, ತೆಲುಗುಗಳ ಒಡನಾಟದಲ್ಲಿ ತನ್ನದೇ ನಿಯಮ ಕಟ್ಟಿಕೊಂಡ ಮಾತು ಅದು. ‘ಬೇಡ’ ಎನ್ನಲು ಬಳಸುವ ‘ನಕ್ಕೋ’ ಮರಾಠಿಯ ‘ನಕೋ’. ಎರಡರ ದಾರಿ ಎಲ್ಲಿ ಬೇರೆಯಾಗುತ್ತದೆ ಎಂದು ತಿಳಿದರೆ ಅರ್ಧ ವ್ಯಾಕರಣ ಬಂದಂತೆ.

ವಾಕ್ಯದ ಕ್ರಮ ಒಂದೇ

ಕನ್ನಡದಂತೆ ಹಿಂದಿಯಲ್ಲೂ ಮೊದಲು ಕರ್ತೃ, ಆಮೇಲೆ ಕರ್ಮ, ಕೊನೆಗೆ ಕ್ರಿಯಾಪದ. ‘ನಾನು ನೀರು ಕುಡಿಯುತ್ತೇನೆ’ ಎಂಬುದು ‘ಮೈಂ ಪಾನೀ ಪೀತಾ ಹೂಂ’ ಆಗುತ್ತದೆ. ವಿಭಕ್ತಿಯೂ ಪದದ ಹಿಂದೆಯೇ ಬರುತ್ತದೆ: ‘ಅಲ್ಲಿ’ಗೆ ‘ಮೇಂ’, ‘ಇಂದ’ಕ್ಕೆ ‘ಸೇ’, ‘ಅನ್ನು’ ಮತ್ತು ‘ಗೆ’ ಎರಡಕ್ಕೂ ‘ಕೋ’. ಒಂದು ಎಚ್ಚರಿಕೆ ಬೇಕು. ‘ಸೇಡಂಗೆ ಹೋಗ್ತೀನಿ’ ಎನ್ನುವಾಗ ಊರಿನ ಹೆಸರಿಗೆ ‘ಕೋ’ ಹಚ್ಚಬಾರದು. ‘ಮೈಂ ಸೇಡಂ ಜಾತಾ ಹೂಂ’ ಎಂದರೆ ಸಾಕು.

ಲಿಂಗ: ವಸ್ತುವಿಗೂ ಗಂಡು, ಹೆಣ್ಣು

ಕನ್ನಡದಲ್ಲಿ ಅರ್ಥ ನೋಡಿ ಲಿಂಗ ಹೇಳಬಹುದು. ಬಾಗಿಲು, ಕಿಟಕಿ, ಬೇಳೆ ಎಲ್ಲವೂ ನಪುಂಸಕ ಲಿಂಗ. ಹಿಂದಿಯಲ್ಲಿ ನಪುಂಸಕವೇ ಇಲ್ಲ. ‘ದರವಾಜಾ’ ಪುಲ್ಲಿಂಗ, ‘ಖಿಡಕೀ’ ಸ್ತ್ರೀಲಿಂಗ. ತೊಗರಿಯ ‘ದಾಲ್’ ಸ್ತ್ರೀಲಿಂಗ, ಅದರ ಜೊತೆ ಉಣ್ಣುವ ‘ಚಾವಲ್’ ಪುಲ್ಲಿಂಗ. ‘ದೂಧ್’ ಪುಲ್ಲಿಂಗ, ಅದೇ ಹಾಲು ಹಾಕಿದ ‘ಚಾಯ್’ ಸ್ತ್ರೀಲಿಂಗ.

‘ಆ’ದಿಂದ ಮುಗಿಯುವ ಪದ ಹೆಚ್ಚಾಗಿ ಪುಲ್ಲಿಂಗ, ‘ಈ’ಯಿಂದ ಮುಗಿಯುವುದು ಹೆಚ್ಚಾಗಿ ಸ್ತ್ರೀಲಿಂಗ. ಆದರೆ ‘ಪಾನೀ’, ‘ಘೀ’, ‘ದಹೀ’ ಪುಲ್ಲಿಂಗ. ‘ಹವಾ’, ‘ದವಾ’, ‘ಭಾಷಾ’ ಸ್ತ್ರೀಲಿಂಗ. ಇವನ್ನು ಬಾಯಿಪಾಠ ಮಾಡದೆ ಬೇರೆ ದಾರಿ ಇಲ್ಲ.

ಲಿಂಗ ತಪ್ಪಿದರೆ ಒಂದು ಪದ ಮಾತ್ರ ಕೆಡುವುದಿಲ್ಲ. ಕನ್ನಡದ ‘ಒಳ್ಳೆಯ’ ಹುಡುಗನಿಗೂ ಹುಡುಗಿಗೂ ಒಂದೇ. ಹಿಂದಿಯಲ್ಲಿ ‘ಅಚ್ಛಾ ಲಡಕಾ’, ‘ಅಚ್ಛೀ ಲಡಕೀ’. ‘ಕಾ’ ಮತ್ತು ‘ಕೀ’ ಒಡೆಯನ ಲಿಂಗ ನೋಡುವುದಿಲ್ಲ, ಮುಂದಿನ ಪದದ ಲಿಂಗ ನೋಡುತ್ತವೆ: ‘ರಾಮ್ ಕೀ ಬಹನ್’, ‘ಸೀತಾ ಕಾ ಭಾಈ’. ‘ನಾನು ಹೋಗ್ತೀನಿ’ ಎಂದು ಕನ್ನಡದಲ್ಲಿ ಯಾರು ಹೇಳಿದರೂ ಒಂದೇ. ಹಿಂದಿಯಲ್ಲಿ ಹುಡುಗ ‘ಜಾತಾ ಹೂಂ’, ಹುಡುಗಿ ‘ಜಾತೀ ಹೂಂ’.

‘ನೇ’ ಎಂಬ ಗಂಟು

ಹೆಚ್ಚು ಅಂಕ ಹೋಗುವುದು ಇಲ್ಲೇ. ಸಕರ್ಮಕ ಕ್ರಿಯೆ ಮುಗಿದುಹೋಗಿದೆ ಎಂದು ಹೇಳುವಾಗ ಕರ್ತೃವಿಗೆ ‘ನೇ’ ಸೇರುತ್ತದೆ. ಆಗ ಕ್ರಿಯಾಪದ ಕರ್ತೃವನ್ನು ಬಿಟ್ಟು ಕರ್ಮದ ಬೆನ್ನು ಹತ್ತುತ್ತದೆ. ‘ರಾಜು ನೇ ರೋಟೀ ಖಾಈ’: ತಿಂದವನು ಹುಡುಗನಾದರೂ ರೊಟ್ಟಿ ಸ್ತ್ರೀಲಿಂಗ, ಆದ್ದರಿಂದ ‘ಖಾಈ’. ‘ರಾಣಿ ನೇ ಆಮ್ ಖಾಯಾ’: ತಿಂದವಳು ಹುಡುಗಿಯಾದರೂ ಆಮ್ ಪುಲ್ಲಿಂಗ, ಆದ್ದರಿಂದ ‘ಖಾಯಾ’. ಕರ್ಮಕ್ಕೆ ‘ಕೋ’ ಹತ್ತಿದರೆ ಕ್ರಿಯಾಪದ ಪುಲ್ಲಿಂಗ ಏಕವಚನದಲ್ಲೇ ನಿಲ್ಲುತ್ತದೆ: ‘ಮಾಂ ನೇ ಬೇಟೀ ಕೋ ಬುಲಾಯಾ’.

ಅಕರ್ಮಕವಾದ ‘ಆನಾ’, ‘ಜಾನಾ’ಗಳಿಗೆ ‘ನೇ’ ಇಲ್ಲ. ‘ಲಾನಾ’, ‘ಭೂಲನಾ’, ‘ಬೋಲನಾ’ಗಳಿಗೂ ಸಾಮಾನ್ಯವಾಗಿ ಇಲ್ಲ. ಕನ್ನಡದಲ್ಲಿ ಕ್ರಿಯಾಪದ ಯಾವತ್ತೂ ಕರ್ತೃವಿನ ಮಾತೇ ಕೇಳುತ್ತದೆ. ದಖನಿಯೂ ಸಾಮಾನ್ಯವಾಗಿ ‘ನೇ’ ಬಳಸುವುದಿಲ್ಲ. ಹಾಗಾಗಿ ಈ ಭಾಗದ ಮಕ್ಕಳಿಗೆ ಈ ನಿಯಮ ಕಿವಿಗೆ ಬಿದ್ದೇ ಇರುವುದಿಲ್ಲ. ಅದನ್ನು ಬರೆದೇ ಕಲಿಯಬೇಕು.

ಅಲ್ಲಿ ಹಾಗೆ, ಇಲ್ಲಿ ಹೀಗೆ

- ದಖನಿ ‘ಮೈಂ ರೋಟೀ ಖಾಯಾ’. ಹಿಂದಿ ‘ಮೈಂನೇ ರೋಟೀ ಖಾಈ’.
- ದಖನಿ ‘ಮೇರೇಕು ಪಾನೀ ಹೋನಾ’. ಹಿಂದಿ ‘ಮುಝೇ ಪಾನೀ ಚಾಹಿಏ’.
- ದಖನಿ ‘ಬಾತಾಂ’, ‘ಕಿತಾಬಾಂ’. ಹಿಂದಿ ‘ಬಾತೇಂ’, ‘ಕಿತಾಬೇಂ’.
- ದಖನಿ ‘ಕಾಯಕು’; ಹಿಂದಿ ‘ಕ್ಯೋಂ’.
- ದಖನಿ ‘ಕಲ್ ಆತೂಂ ಬೋಲ್ಕೆ ಬೋಲ್ಯಾ’; ಹಿಂದಿ ‘ಉಸನೇ ಕಹಾ ಕಿ ಮೈಂ ಕಲ್ ಆಊಂಗಾ’. ಕನ್ನಡದ ‘ನಾಳೆ ಬರ್ತೀನಿ ಅಂತ ಹೇಳ್ದ’ ಎಂಬುದರ ಅಚ್ಚೇ ದಖನಿಯಲ್ಲಿದೆ. ಹಿಂದಿಯಲ್ಲಿ ‘ಹೇಳಿದ’ ಮೊದಲು, ಹೇಳಿದ ಮಾತು ‘ಕಿ’ಯ ನಂತರ.

ಮರ್ಯಾದೆಯ ಮಾತು

‘ತೂ’, ‘ತುಮ್’, ‘ಆಪ್’ ಎಂದು ಮೂರು ಮೆಟ್ಟಿಲು. ಶಿಕ್ಷಕರು, ಹಿರಿಯರು, ಅಪರಿಚಿತರಿಗೆ ‘ಆಪ್’. ಕ್ರಿಯಾಪದವೂ ಅದಕ್ಕೆ ಹೊಂದಬೇಕು: ‘ತುಮ್ ಆಓ’, ‘ಆಪ್ ಆಇಏ’. ‘ಆಪ್ ಆಓ’ ಮಾತಿನಲ್ಲಿ ಕೇಳಿಬಂದರೂ ಬರವಣಿಗೆಯಲ್ಲಿ ತಪ್ಪು.

ಮನೆಯಲ್ಲಿ ಮಾಡಬಹುದಾದ ಅಭ್ಯಾಸ

ಹೊಸ ನಾಮಪದವನ್ನು ಒಂಟಿಯಾಗಿ ಬರೆಯಬೇಡಿ. ‘ಮೇರಾ ದರವಾಜಾ’, ‘ಮೇರೀ ಕಿತಾಬ್’ ಎಂದು ಜೋಡಿಯಾಗಿ ಬರೆದರೆ ಲಿಂಗ ತಾನಾಗಿ ನೆನಪಿರುತ್ತದೆ. ದಿನಕ್ಕೆ ಐದು ಪದ ಸಾಕು. ಜೊತೆಗೆ ಆ ದಿನ ತಿಂದದ್ದು, ಓದಿದ್ದು, ನೋಡಿದ್ದು ಏನೆಂದು ‘ಮೈಂನೇ’ಯಿಂದ ಆರಂಭಿಸಿ ಮೂರು ವಾಕ್ಯ ಬರೆಯಲಿ. ಓಣಿಯ ಮಾತನ್ನು ಬಿಡಿಸುವ ಅಗತ್ಯವಿಲ್ಲ. ಆ ಮಾತು ಬಾಯಲ್ಲಿರಲಿ, ಪರೀಕ್ಷೆಯ ನಿಯಮ ಕೈಗೆ ಬರಲಿ.