ಎರಡನೆಯ ಪುಸ್ತಕದ ಪ್ರಶ್ನೆ: ಉತ್ತರ ಬೆಂಗಳೂರಿನ ಕನ್ನಡ ಓದುಗರ ಕುರಿತು ಒಂದು ಟಿಪ್ಪಣಿ

ಹೊಸ ಲೇಖಕರು ಓದುಗರಿಗೆ ಪರಿಚಯವಾಗುವ ಬಗೆಯನ್ನು ಕೇಳಿದರೆ ವಿಮರ್ಶೆ, ಜಾಹೀರಾತು, ಗೆಳೆಯರ ಶಿಫಾರಸು ಎಂಬ ಉತ್ತರಗಳು ಬರುತ್ತವೆ. ಪರಿಚಯವಾದ ಲೇಖಕರು ನೆಚ್ಚಿನವರಾಗುವುದು ಹೇಗೆ ಎಂಬುದು ಬೇರೆ ಪ್ರಶ್ನೆ. ಕನ್ನಡ ಪುಸ್ತಕ ಪ್ರಸಾರದ ಚರಿತ್ರೆಯನ್ನು ನೋಡಿದರೆ ಇದಕ್ಕೆ ಎರಡು ಷರತ್ತುಗಳು ಕಾಣುತ್ತವೆ. ಮೊದಲ ಓದು ಕಡಿಮೆ ಖರ್ಚಿನಲ್ಲಿ ಆಗಬೇಕು. ಅದು ಹಿಡಿಸಿದ ಮೇಲೆ ಅದೇ ಲೇಖಕರ ಇನ್ನೊಂದು ಪುಸ್ತಕ ಕೈಗೆಟುಕಬೇಕು. ಎರಡನೆಯ ಷರತ್ತಿಗೆ ನಾವು ಕೊಟ್ಟಿರುವ ಗಮನ ಸಾಲದು ಎಂಬುದು ಈ ಟಿಪ್ಪಣಿಯ ವಾದ.

ಹಿನ್ನೆಲೆ

ಕಾದಂಬರಿಕಾರ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದ್ದು ಪ್ರಸಿದ್ಧ ಸಂಗತಿ. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ' ಪತ್ರಿಕೆಯ ಮೂಲಕವೂ ಅವರ ಬರಹ ಓದುಗರನ್ನು ಮುಟ್ಟಿತ್ತು. ಪತ್ರಿಕೆಯಲ್ಲಿ ರುಚಿ ಕಂಡವರ ಮನೆಬಾಗಿಲಿಗೇ ಪುಸ್ತಕವೂ ಬರುತ್ತಿದ್ದುದರಿಂದ ಎರಡೂ ಷರತ್ತುಗಳು ಅಲ್ಲಿ ಒಟ್ಟಿಗೆ ಈಡೇರಿದವು.

'ಸುಧಾ' (1965), 'ತರಂಗ' (1983) ಮುಂತಾದ ವಾರಪತ್ರಿಕೆಗಳ ಧಾರಾವಾಹಿಗಳು ಮೊದಲ ಷರತ್ತನ್ನು ದೊಡ್ಡ ಪ್ರಮಾಣದಲ್ಲಿ ಪೂರೈಸಿದವು. ಅಡುಗೆ, ಸಿನಿಮಾ, ರಾಶಿಭವಿಷ್ಯಕ್ಕೆಂದು ಕೊಂಡ ಪತ್ರಿಕೆಯಲ್ಲೇ ಕಾದಂಬರಿಯ ಕಂತೂ ಇರುತ್ತಿತ್ತು.

ಚಲನಚಿತ್ರದ ಪಾಲು ಇನ್ನೂ ಸ್ಪಷ್ಟ. ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿದ್ದು. ಚಿತ್ರ ಮೆಚ್ಚಿ ಪುಸ್ತಕ ಹುಡುಕಿದವರಿಗೆ ಒಂದರ ಬದಲು ಮೂರು ಕಾದಿದ್ದವು. ಕಾದಂಬರಿಗಾರ್ತಿ ತ್ರಿವೇಣಿಯವರು 1963ರಲ್ಲೇ ತೀರಿಕೊಂಡರು. ಅವರ 'ಬೆಳ್ಳಿಮೋಡ', 'ಶರಪಂಜರ' ತೆರೆಗೆ ಬಂದದ್ದು ಆ ನಂತರ. ಹೊಸ ಕೃತಿ ಬರುವಂತಿರಲಿಲ್ಲ. ಆದರೆ ಅವರು ಬರೆದಿಟ್ಟ ಇಪ್ಪತ್ತು ಕಾದಂಬರಿಗಳಿದ್ದವು. ಒಬ್ಬ ಲೇಖಕಿಯನ್ನು ತಲೆಮಾರುಗಳು ತಮ್ಮವರೆಂದುಕೊಳ್ಳಲು ಈ ಸಂಗ್ರಹವೂ ಕಾರಣ.

ಉತ್ತರ ಬೆಂಗಳೂರು

ಕನ್ನಡ ಪುಸ್ತಕದಂಗಡಿಗಳ ಹೆಸರು ತೆಗೆದರೆ ಗಾಂಧಿಬಜಾರಿನ ಅಂಕಿತ, ಗಾಂಧಿನಗರದ ಸಪ್ನ, ರಾಜಾಜಿನಗರದ ಆಕೃತಿ ನೆನಪಾಗುತ್ತವೆ. ಯಲಹಂಕದಿಂದ ಗಾಂಧಿಬಜಾರಿಗೆ ಸುಮಾರು 20 ಕಿ.ಮೀ. ಹೆಬ್ಬಾಳದ ವಾಹನದಟ್ಟಣೆ ದಾಟಿ, ಹೆಸರು ಕೇಳಿರದ ಲೇಖಕರ ಪುಸ್ತಕವನ್ನು ತಿರುವಿ ನೋಡಲೆಂದೇ ಯಾರೂ ಅಷ್ಟು ದೂರ ಹೋಗುವುದಿಲ್ಲ. ಆನ್‌ಲೈನ್ ಮಳಿಗೆ ಹುಡುಕಿದ ಪುಸ್ತಕವನ್ನು ಮನೆಗೆ ತಲುಪಿಸುತ್ತದೆ. ಹುಡುಕಬೇಕೆಂದೇ ತಿಳಿಯದ ಪುಸ್ತಕ ಎದುರಾಗಲು ಕಪಾಟು ಬೇಕು.

ಆದ್ದರಿಂದ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಕಡೆಯ ಓದುಗರಿಗೆ ಶಾಖಾ ಗ್ರಂಥಾಲಯವೇ ಮುಖ್ಯ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಅಡಿಯಲ್ಲಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ಹಾಗಾಗಿ ಗ್ರಂಥಾಲಯದ ಕಪಾಟಿನ ಮೇಲೆ ಓದುಗರಿಗಿರುವುದು ಹಕ್ಕು. ಅದು ಯಾರೋ ಮಾಡುವ ಉಪಕಾರವಲ್ಲ.

ಆದರೆ ಸರ್ಕಾರದ ಸಗಟು ಖರೀದಿ ಆಯಾ ವರ್ಷ ಪ್ರಕಟವಾದ ಶೀರ್ಷಿಕೆಗಳನ್ನು ಬಿಡಿಬಿಡಿಯಾಗಿ ಪರಿಗಣಿಸುತ್ತದೆ. ಪ್ರಕಾಶಕರಿಗೆ ಇದು ದೊಡ್ಡ ಆಸರೆ, ನಿಜ. ಒಂದು ಶಾಖೆಯಲ್ಲಿ ಒಬ್ಬ ಲೇಖಕರ ಕೃತಿಗಳು ಸಾಕಷ್ಟು ಸೇರಿವೆಯೇ ಎಂಬುದನ್ನು ಮಾತ್ರ ಆ ಕ್ರಮ ಕೇಳುವುದಿಲ್ಲ.

ಪ್ರಶಸ್ತಿಯ ಫಲವೂ ಎರಡನೆಯ ಪುಸ್ತಕದ ಪ್ರಶ್ನೆಗೇ ಬಂದು ನಿಲ್ಲುತ್ತದೆ. ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದಾಗ, ಕನ್ನಡ ಸಾಹಿತ್ಯದಿಂದ ದೂರವಿದ್ದವರಿಗೂ ಬಾನು ಅವರ ಹೆಸರು ಮುಟ್ಟಿತು. ಆ ಸಂಕಲನದಲ್ಲಿರುವುದು ಮೂರು ದಶಕಗಳ ಬರವಣಿಗೆಯಿಂದ ಆಯ್ದ 12 ಕಥೆಗಳು. ಉಳಿದವನ್ನು ಬಯಸುವವರಿಗೆ ಮೂಲ ಸಂಕಲನಗಳು ಹತ್ತಿರದಲ್ಲೇ ಸಿಗಬೇಕು.

ಪರೀಕ್ಷೆಗೊಂದು ದಾರಿ

ಈ ವಾದವನ್ನು ಪರೀಕ್ಷಿಸಬಹುದು. ಉತ್ತರ ಭಾಗದ ಕೆಲವು ಶಾಖೆಗಳಲ್ಲಿ, ಓದುಗರ ಹೆಸರು ಮರೆಮಾಡಿ, ಎರವಲು ದಾಖಲೆಗಳನ್ನು ನೋಡಬೇಕು. ಒಬ್ಬ ಲೇಖಕರ ಪುಸ್ತಕ ಒಯ್ದವರಲ್ಲಿ ಎಷ್ಟು ಮಂದಿ ಮತ್ತೆ ಅದೇ ಲೇಖಕರನ್ನು ಆರಿಸಿದರು? ಆ ಹೊತ್ತಿಗೆ ಕಪಾಟಿನಲ್ಲಿ ಆ ಲೇಖಕರ ಎಷ್ಟು ಕೃತಿಗಳಿದ್ದವು? ಎರಡಕ್ಕೂ ನಂಟು ಕಂಡುಬಂದರೆ, ಹೊಸ ಶೀರ್ಷಿಕೆಗಳ ಜೊತೆಗೆ ಓದುಗರು ಮೆಚ್ಚಿದ ಲೇಖಕರ ಹಳೆಯ ಕೃತಿಗಳಿಗೂ ಪ್ರತಿ ಶಾಖೆಯ ಖರೀದಿಯಲ್ಲಿ ಒಂದು ಪಾಲನ್ನು ಮೀಸಲಿಡುವುದು ನ್ಯಾಯ.